ಕತ್ತರಿಸಿ ಹೋದ ತಾರೀಖು

ಬೈಂಡರಮ್ಮ ಸೋಮವಾರ ಮಧ್ಯಾಹ್ನ ತೀರಿಕೊಂಡರು. ಹೃದಯ ನಿಂತಿತು, ಅಷ್ಟೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಿದವರು; ಅದರಲ್ಲಿ ಹನ್ನೆರಡು ವರ್ಷ ನೌಕರರ ಸಂಘದ ಕಾರ್ಯದರ್ಶಿ.

ಅವರ ಕೋಣೆ ನೆಲಮಾಳಿಗೆಯಲ್ಲಿತ್ತು. ಎತ್ತರದ ಕಿಟಕಿಯಿಂದ ಇಳಿಯುವ ಬಿಸಿಲಿನಲ್ಲಿ ಕಾಗದದ ಧೂಳು ತೇಲುತ್ತಿತ್ತು. ಕಿಟಕಿಯಾಚೆ ಕಾಣುವುದು ಓಡಾಡುವವರ ಪಾದಗಳಷ್ಟೇ. ಅಂಟು ಒಣಗುವ ತನಕ ಅವನ್ನೇ ನೋಡುತ್ತ ಕೂತಿರುತ್ತಿದ್ದರು. ಯಾರು ದೂರು ಹೊತ್ತು ಬರುತ್ತಿದ್ದಾರೆಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು ಅವರಿಗೆ.

ರಸಾಯನಶಾಸ್ತ್ರ ಲ್ಯಾಬಿನ ಸಹಾಯಕಿ ಒಂದು ದಿನ ಹಾಗೆಯೇ ಬಂದಳು. ಅವಳಿಗೆ ಕಿವಿ ಮಂದ. ಬಡ್ತಿಯ ಸಂದರ್ಶನದಲ್ಲಿ ಜವಾನ ಬಾಗಿಲಿನಿಂದಲೇ ಹೆಸರು ಕೂಗಿದ್ದ, ಇವಳಿಗೆ ಕೇಳಿಸಿರಲಿಲ್ಲ. ಗೈರುಹಾಜರಿ ಎಂದು ಬರೆದರು. ಇದು ಮೂರನೆಯ ಸಲ. ಈ ವರ್ಷವೂ ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತಿತ್ತು.

“ಎದುರಿಗೇ ಕೂತಿದ್ದೆ ಅಕ್ಕ.”

ಬೈಂಡರಮ್ಮ ತುಟಿ ಕಾಣುವಂತೆ ಅವಳತ್ತ ತಿರುಗಿದರು. “ನಿನಗೆ ಅವರು ಕೇಳಿಸ್ಲಿಲ್ಲ, ಅವರಿಗೆ ನೀನು ಕಾಣಿಸ್ಲಿಲ್ಲ. ಗೈರುಹಾಜರಿ ಮಾತ್ರ ನಿನಗೊಬ್ಬಳಿಗೇ ನೋಡು.”

ಸಂಘ ಮೇಲ್ಮನವಿ ಸಲ್ಲಿಸಿತು. ಮೂವತ್ತು ದಿನದ ಗಡುವಿನೊಳಗೆ ತಲುಪಿದ್ದಕ್ಕೆ ಕಚೇರಿಯ ಮೊಹರು, ತಾರೀಖು ಎರಡೂ ಸಂಘದ ಪ್ರತಿಯ ಅಂಚಿನಲ್ಲಿ ಬಿದ್ದವು. ಆ ಪ್ರತಿಗೆ ಸಾಕ್ಷಿಗಳ ಹೇಳಿಕೆ ಸೇರಿಸಿ ಬೈಂಡರಮ್ಮನೇ ಹೊಲಿದರು. ಹೊಲಿದ ಮೇಲೆ, ಕೈಗೆ ಹತ್ತಿದ ಚಾಳಿ, ಮೂರು ಬದಿಯ ಅಂಚನ್ನೂ ಕತ್ತರಿಸಿ ಸಮ ಮಾಡಿಟ್ಟರು.

ವಿಚಾರಣೆಯಲ್ಲಿ ಸೂಪರಿಂಟೆಂಡೆಂಟರು ಹಾಳೆ ತಿರುವಿದರು. “ಅರ್ಧ ಮೊಹರಿದೆ. ತಾರೀಖು ಎಲ್ಲಿ ಬೈಂಡರಮ್ಮನೋರೆ? ನಮ್ಮ ಪ್ರತಿ ಬೇರೆ ಸಿಗ್ತಿಲ್ಲ.”

ಬೈಂಡರಮ್ಮ ತಾವೇ ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದರು. “ಒಂದು ಗಂಟೆ ಕೊಡಿ ಸಾರ್.”

“ಹೊಸ ಮೊಹರು ಕೆತ್ತಿಸ್ತೀರಾ?”

“ಇಲ್ಲ ಸಾರ್, ಹಳೇದನ್ನೇ ಹೆಕ್ಕಿ ತರ್ತೀನಿ.”

ನೆಲಮಾಳಿಗೆಯಲ್ಲಿ ಅವರೂ ಸಹಾಯಕಿಯೂ ಸೇರಿ ಕಾಗದದ ಚೂರುಗಳ ಚೀಲವನ್ನು ನೆಲಕ್ಕೆ ಸುರಿದರು. ಉದ್ದುದ್ದ ಬಿಳಿ ಎಳೆಗಳು ಸುರುಳಿ ಸುರುಳಿಯಾಗಿ ಬಿಸಿಲಿನಲ್ಲಿ ಹರಡಿಕೊಂಡವು. ಇಬ್ಬರೂ ಯಾವುದೋ ಬೆಳ್ಳನೆಯ ಹೊಳೆಯ ದಡದಲ್ಲಿ ಕೂತಂತಿತ್ತು. ಒಂದೊಂದೇ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಡುತ್ತಿದ್ದರು. ಗಡಿಯಾರವಿದ್ದದ್ದೂ ಮರೆತುಹೋಯಿತು.

“ಅಕ್ಕ, ನಿಮ್ಮ ಕೈ ಇಷ್ಟು ನೀಟಾಗಿರಬಾರದಿತ್ತು.”

“ಬೈಯಮ್ಮ, ಬೈಯಿ. ಬೈಯೋಕೆ ಇವತ್ತು ನಿನಗೆ ಹಕ್ಕಿದೆ.”

ಮೊಹರಿನ ನೇರಳೆ ಶಾಯಿ ಹತ್ತಿದ ಚೂರು ಸಿಕ್ಕಿದ್ದು ಅವಳಿಗೇ. ವಿಚಾರಣೆಯ ಮೇಜಿನ ಮೇಲೆ ಅದನ್ನು ಹಾಳೆಗೆ ತಾಗಿಸಿದಾಗ ಮೊಹರಿನ ಎರಡು ಅರ್ಧಗಳು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂಡಿಕೊಂಡವು. ತಾರೀಖು ಗಡುವಿನೊಳಗೇ ಇತ್ತು. ಮರುಸಂದರ್ಶನ ಮಾಡಬೇಕು, ಹತ್ತಿರ ಹೋಗಿ ನಿಂತು ಕರೆಯಬೇಕು ಎಂದು ಆದೇಶವಾಯಿತು.

ಮರುಸಂದರ್ಶನ ನಡೆದದ್ದು ಅವರು ತೀರಿಕೊಂಡ ಆ ಸೋಮವಾರವೇ. ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರೂ ಬೈಂಡರಮ್ಮ ಮೂರನೇ ಮಹಡಿ ಹತ್ತಿ ಅವಳ ಪಕ್ಕ ಕೂತರು. ಜವಾನ ಮತ್ತೆ ಬಾಗಿಲಿನಿಂದಲೇ ಕೂಗಿದ. ಬೈಂಡರಮ್ಮ ಅವಳನ್ನು ಮುಟ್ಟಿ ಎಬ್ಬಿಸಬಹುದಿತ್ತು, ಎಬ್ಬಿಸಲಿಲ್ಲ.

“ಇಲ್ಲಿಗೆ ಬಂದು ಕರೀಬೇಕಪ್ಪ,” ಎಂದರು ಅವನಿಗೆ. “ನಾವೇನು ಕಚ್ಚಲ್ಲ.”

ಅವನು ನಾಚಿಕೊಂಡು ಬಂದು ಎದುರು ನಿಂತು ಹೆಸರು ಹೇಳಿದ. ಅವಳು ಎದ್ದು ಒಳಗೆ ಹೋದಳು. ಬೈಂಡರಮ್ಮ ಅವಳ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಗೋಡೆಗೊರಗಿ ಕಾಯಲು ಕೂತರು.