ಗೌರಿ ತಿನ್ನದ ಎತ್ತರ

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬೆಳ್ಮಣ್ ಪೇಟೆಯಲ್ಲಿ ಒಂದು ಪ್ಯಾಕೆಟ್ ಹಾಲು ಕೊಂಡು, ಮಡಚಿದ ಕೊಡೆಯೊಳಗೆ ಅಡಗಿಸಿದೆ. ಹಾಲು ಕೊಳ್ಳುವುದು ಅಪರಾಧವೇ? ಅಲ್ಲ. ಆದರೆ ಹಟ್ಟಿಯಲ್ಲಿ ಹಾಲು ಕೊಡುವ ಹಸು ಕಟ್ಟಿರುವವನಿಗೆ ಅದು ಅವಮಾನ.

ಕಾರಣ ಹುಲ್ಲು. ಮಳೆ ಶುರುವಾದಾಗ ನಾನೂ ಪಕ್ಕದ ಮನೆಯ ಫೆಲಿಕ್ಸರೂ ನಮ್ಮ ನಮ್ಮ ಹಸುವಿನ ಮೇವಿಗೆಂದು ಒಂದೇ ಆಟೋದಲ್ಲಿ ನೇಪಿಯರ್ ಹುಲ್ಲಿನ ತುಂಡುಗಳನ್ನು ತಂದು ಕಾಂಪೌಂಡ್ ಗೋಡೆಯ ಆಚೀಚೆ ನೆಟ್ಟಿದ್ದೆವು. ಬಂತು ನೋಡಿ, ಎದೆಮಟ್ಟ! ಆಗಲೇ ಕೊಯ್ಯಬೇಕಿತ್ತು. ಆದರೆ ಅವರದ್ದು ಒಂದು ಗೇಣು ಹೆಚ್ಚು ಕಾಣುತ್ತಿತ್ತು. ನಾನು ಮೊದಲು ಕೊಯ್ದರೆ ಮರ್ಯಾದೆ ಏನಾಗಬೇಕು? (ಅವರೂ ಇದನ್ನೇ ಯೋಚಿಸುತ್ತಿದ್ದರಂತೆ.) ಹುಲ್ಲು ತಲೆ ಮೀರಿತು. ಅದರ ಮುಂದೆ ನಿಂತು ಸೆಲ್ಫಿ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ಆಮೇಲೆ ಗೋಡೆಯಾಚೆಗೆ ಕಾಣದ ಹಾಗೆ ಹಿಂದಿನ ಸಾಲಿನಿಂದ ಕೊಯ್ದು ನಮ್ಮ ಹಸು ಗೌರಿಗೆ ಹಾಕತೊಡಗಿದೆ. ಅವಳು ಎಲೆಯ ತುದಿಯನ್ನಷ್ಟೇ ತಿಂದು, ಬಲಿತ ದಂಟನ್ನು ಮೂತಿಯಿಂದ ದೂಡಿದಳು. ಹಾಲು ಇಳಿಯಿತು.

"ಎಂತ ಮಾರಾಯ್ರೆ, ಹುಲ್ಲು ಬೆಳೆಸಿದ್ದು ಹಸುವಿಗಾ, ಫೋಟೋಕ್ಕಾ?" ಎಂದಳು ಹೆಂಡತಿ. "ಹಾಲಿನ ಸೊಸೈಟಿಯ ಟ್ರೈನಿಂಗಿನಲ್ಲಿ ದನದ ಡಾಕ್ಟ್ರು ಹೇಳಿದ್ದಾರಲ್ಲ? ಎಳೆಯದರಲ್ಲಿ ಎಲೆ ಹೆಚ್ಚು, ಪ್ರೋಟೀನ್ ಉಂಟು. ಬಲಿತ ಮೇಲೆ ಬರೀ ನಾರು, ತಿಂದರೂ ಸರಿಯಾಗಿ ಜೀರ್ಣ ಆಗುವುದಿಲ್ಲ. ಹೀಗೇ ಆದರೆ ಗೌರಿಯನ್ನು ನನ್ನ ಅಣ್ಣನ ಮನೆಗೆ ಕಳುಹಿಸುತ್ತೇನೆ. ಅಲ್ಲಾದರೂ ಹೊಟ್ಟೆ ತುಂಬಲಿ."

ಗೌರಿಯಿಲ್ಲದ ಹಟ್ಟಿಯೇ? ಕತ್ತಿ ಕೈಗೆತ್ತಿಕೊಂಡೆ. ಆದರೂ ಒಮ್ಮೆ ಗೋಡೆಯ ಕಡೆ ನೋಡಿದೆ. ಅಯ್ಯೋ, ಈಗ ಅವರದ್ದಕ್ಕಿಂತ ನನ್ನ ಹುಲ್ಲೇ ಎತ್ತರ! ಕತ್ತಿ ವಾಪಸ್ ಇಟ್ಟೆ.

ಹೀಗಿರುವಾಗಲೇ ಆ ಪ್ಯಾಕೆಟ್ ಹಾಲು. ಅಂಗಡಿಯ ಮೆಟ್ಟಿಲಿಳಿಯುತ್ತಲೇ ಫೆಲಿಕ್ಸ್ ಎದುರಾದರು. ಅವರ ಕೊಡೆಯೂ ಉಬ್ಬಿತ್ತು.

"ಎಂತ, ಬ್ರೆಡ್ಡಾ?" ಕೇಳಿದೆ.

"ಹಾಲು ಮಾರಾಯ್ರೆ," ಎಂದು ಅವರು ದನಿ ತಗ್ಗಿಸಿದರು. "ನಿಮ್ಮದು?"

"ನನ್ನದೂ ಅದೇ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದೇ ಸಂಜೆ ಗೋಡೆಯ ಆಚೀಚೆ ಕತ್ತಿ ಹಿಡಿದು ನಿಂತೆವು. "ಒಂದು, ಎರಡು, ಮೂರು" ಎಂದ ಮೇಲೆಯೇ ಕೊಯ್ಲು ಶುರು. (ಯಾರನ್ನು ನಂಬುವುದು?) ಬಲಿತ ದಂಟೆಲ್ಲ ತೆಂಗಿನ ಬುಡಕ್ಕೆ ಹೋಯಿತು.

ಹೊಸ ಹುಲ್ಲನ್ನು ಎಳೆಯದಾಗಿರುವಾಗಲೇ ಕೊಯ್ದು ಹಾಕಿದೆ. ಗೌರಿ ದಂಟನ್ನೂ ಬಿಡದೆ ಮೆದ್ದಳು. ಹಾಲು ಏರಿತು, ಅಣ್ಣನ ಮನೆಯ ಮಾತು ನಿಂತಿತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಮನೆಯ ಗೇಟು, ಮದುವೆಯ ಪೆಂಡಾಲು, ಮಕ್ಕಳ ಮಾರ್ಕು, ಎಲ್ಲವನ್ನೂ ನಾವು ಗೋಡೆಯಾಚೆ ಇಣುಕಿಯೇ ಅಳೆಯುತ್ತೇವೆ, ಅಲ್ವಾ?

ಪಕ್ಕದ ಮನೆಯ ಹುಲ್ಲು ಎಷ್ಟೆತ್ತರ ಎಂದು ಗೌರಿ ಮಾತ್ರ ಇವತ್ತಿಗೂ ತಲೆಯೆತ್ತಿ ನೋಡಿಲ್ಲ.