ಎಣ್ಣೆ ಹೊಗೆಗೊಂದು ಡಬ್ಬಿ

ನಮ್ಮ ಕಡೆ ಮೊಬೈಲ್ ಟವರ್ ಬಂದ ಹೊಸದು. ನನ್ನ ಹಳೇ ಡೀಸೆಲ್ ಜೀಪಿಗೆ ಕೆಟ್ಟ ಚಾಳಿಯೊಂದು ಹತ್ತಿಕೊಂಡಿತ್ತು. ಏರು ಬಂದರೆ ಸಾಕು, ಇಂಜಿನ್ನಿನ ಎಣ್ಣೆ ಆವಿಯಾಗಿ, ಅದು ಉಸಿರು ಬಿಡುವ ಬ್ರೀದರ್ ಪೈಪಿನಿಂದ ಹೊರಬಂದು, ಕಾಲಬುಡದ ತೂತುಗಳಿಂದ ಸೀದಾ ನಮ್ಮ ಮೂಗಿಗೆ. ಕಮ್ಮರಡಿಯಿಂದ ಕೊಪ್ಪಕ್ಕೆ ಜನ ತುಂಬಿಕೊಂಡು ಸರ್ವಿಸ್ ಹೊಡೆಯುವ ನನಗೆ ಅದು ಅಭ್ಯಾಸ. ಹಿಂದೆ ಕೂರುವವರು ಬೈದುಕೊಂಡೇ ಹತ್ತುತ್ತಿದ್ದರು. ದಿನಾ ಬೆಳಿಗ್ಗೆ ಶಾಲೆಗೆ ಹೋಗಲು ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಟೀಚರು ಮಾತ್ರ ಒಂದು ದಿನ, "ಈ ವಾಸನೆಗೆ ತಲೆಸುತ್ತು ಬರ್ತದೆ ಮಾರಾಯ್ರೆ, ನಾಳೆಯಿಂದ ಬಸ್ಸಿಗೆ ಹೋಗ್ತೇನೆ" ಅಂದರು.

ನನಗೆ ಚಿಂತೆ ಹತ್ತಿತು. ಸೀಟು ಖಾಲಿಯಾಗುತ್ತದೆಂದಲ್ಲ, ಹತ್ತುವವರಿಗೇನೂ ಬರಗಾಲವಿರಲಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿಲ್ಲ, ಮನೆಯಲ್ಲಿ ಮಾತಿಗೊಂದು ನರಪಿಳ್ಳೆ ಇಲ್ಲ. ಉಂಡ ಸಾರಿನಿಂದ ಹಿಡಿದು ಸೊಂಟನೋವಿನವರೆಗೆ ನಾನು ಹೇಳಿಕೊಳ್ಳುತ್ತಿದ್ದದ್ದು ಆ ಟೀಚರ ಹತ್ತಿರ, ಆ ಅರ್ಧ ಗಂಟೆ. ಅವರು "ಹ್ಞೂಂ, ಹೌದಾ" ಅನ್ನುತ್ತ ಹೊರಗೆ ನೋಡುತ್ತಿದ್ದರು. ನನಗೆ ಅಷ್ಟೇ ಸಾಕಿತ್ತು.

ಹಾಳಾದ ಆ ವಾಸನೆಯನ್ನು ಕಟ್ಟಿಹಾಕಲೇಬೇಕೆಂದು ಹಟ ಹುಟ್ಟಿತು. ಹೆಂಡತಿ ಕಾಫಿಪುಡಿ ಹಾಕಿಡುತ್ತಿದ್ದ ಡಬ್ಬಿಗೆ ಎರಡು ತೂತು ಕೊರೆದೆ. ತೋಟಕ್ಕೆ ಔಷಧಿ ಹೊಡೆಯುವ ಪೈಪಿನ ತುಂಡುಗಳನ್ನು ಸಿಕ್ಕಿಸಿ, ಒಂದನ್ನು ಬ್ರೀದರಿಗೆ ಜೋಡಿಸಿ, ಇನ್ನೊಂದನ್ನು ಹಿಂದಿನ ಚಕ್ರದಾಚೆ ಬಿಟ್ಟೆ. ಎಣ್ಣೆ ಹೀರಲು ಒಳಗೆ ಎಂತ ತುಂಬುವುದು? ಅಡಿಕೆ ಊರಿನವನ ಬುದ್ಧಿ ಇನ್ನೆಲ್ಲಿಗೆ ಹೋದೀತು! ಒಣಗಿದ ಅಡಿಕೆ ಸಿಪ್ಪೆಯನ್ನೇ ಒತ್ತಿ ಒತ್ತಿ ತುಂಬಿದೆ. ಎರಡು ದಿನ ವಾಸನೆಯ ಸುಳಿವಿಲ್ಲ. ಮೂರನೇ ದಿನ ಸಿಪ್ಪೆ ಎಣ್ಣೆ ಕುಡಿದು ಉಬ್ಬಿ ದಾರಿ ಕಟ್ಟಿತು. ಏರಿನಲ್ಲಿ ಒಳಗಿನ ಒತ್ತಡಕ್ಕೆ ಎಣ್ಣೆ ಅಳೆಯುವ ಕಡ್ಡಿ ಟಪ್ಪೆಂದು ಹಾರಿ, ಬಾನೆಟ್ಟಿನೊಳಗೆಲ್ಲ ಓಕುಳಿ.

ಕೊಪ್ಪದ ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. "ಇಂಜಿನ್ ಉಸಿರು ಬಿಡೋ ಬಾಯಿಗೆ ಸಿಪ್ಪೆ ತುರುಕೋದಾ? ಇದೆಂತ ಗೊಬ್ಬರಗುಂಡಿಯಾ ಮಾರಾಯ್ರೆ! ಪಾತ್ರೆ ತಿಕ್ಕೋ ಸ್ಟೀಲ್ ಜುಂಗು ಹಾಕಿ, ಅದೂ ಸಡಿಲಾಗಿ."

ಹಾಕಿದೆ. ಡಬ್ಬಿಯ ತಳದಲ್ಲಿ ಕಪ್ಪು ಎಣ್ಣೆ ಶೇಖರವಾಯಿತು, ವಾಸನೆ ಹೋಯಿತು. ಒಂದು ವಾರ ನೋಡಿ, ಬಸ್ಸಿಗೆ ಕಾಯುತ್ತಿದ್ದ ಟೀಚರ ಎದುರಿಗೇ ಜೀಪು ನಿಲ್ಲಿಸಿದೆ. "ಹತ್ತಿ, ಮೂಸಿ ನೋಡಿ ಬೇಕಾರೆ!"

ಹತ್ತಿದರು. ನಾನು ಡಬ್ಬಿಯ ಪುರಾಣ ಶುರುಮಾಡಿದೆ. ಸಿಪ್ಪೆಯ ಕತೆ ಮುಗಿಯುವಷ್ಟರಲ್ಲಿ ಅವರು ಮೆತ್ತಗೆ ಅಂದರು: "ಬೇಜಾರು ಮಾಡ್ಕೊಳ್ಬೇಡಿ. ವಾಸನೆಗೆ ತಲೆಸುತ್ತು ಅಂತ ಸುಳ್ಳು ಹೇಳಿದ್ದು. ಇಡೀ ದಿನ ಮಕ್ಕಳ ಗಲಾಟೆ ನಂಗೆ. ಬೆಳಿಗ್ಗೆ ಈ ಅರ್ಧ ಗಂಟೆ ಸುಮ್ನೆ ಕೂರ್ಬೇಕು ಅಂತ ಆಸೆ. ನಿಮ್ಮ ಹತ್ರ ಹೇಗೆ ಹೇಳೋದು?"

ನಮ್ಮ ಕಡೆ ಯಾರೂ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದಿಲ್ಲ. ನೆಪ ಹೇಳಿದರೆ ಅರ್ಥ ಮಾಡಿಕೊಂಡು ಸುಮ್ಮನಾಗಬೇಕು. ಅಷ್ಟು ಗೊತ್ತಿದ್ದೂ ನಾನು ಪೆದ್ದ, ನೆಪವನ್ನೇ ರಿಪೇರಿ ಮಾಡಲು ಹೋಗಿದ್ದೆ.

"ನಾಳೆ ಬನ್ನಿ ಟೀಚರ್ರೇ, ನಾನು ಮಾತಾಡೂದಿಲ್ಲ" ಅಂದೆ.

ಬಂದರು. ವರ್ಗವಾಗಿ ಹೋಗುವವರೆಗೂ ದಿನಾ ಬಂದರು. ನಾನು ರಸ್ತೆ ನೋಡುತ್ತ ಜೀಪು ಓಡಿಸಿದೆ. ಹೇಳಬೇಕೆನ್ನಿಸಿದ್ದು ಗಂಟಲವರೆಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.