ಸ್ಟೇರಿಂಗ್ ಇಲ್ಲದ ಬಲಗಡೆ ಸೀಟು

"ಬನ್ನಿ ಅಂಕಲ್, ಖಾಲಿ ಇದೆ." ಮೂರು ವಾರದ ಹಿಂದೆ ನಾನೇ ಆಡಿದ ಮಾತು. ಹಾಲು ಕಾಯಿಸುವಾಗ, ಬಸ್ಸಿಗೆ ನಿಂತಿರುವಾಗ ಈಗಲೂ ಕಿವಿಯಲ್ಲಿ ಕೇಳಿಸುತ್ತದೆ.

ಬಸವೇಶ್ವರನಗರದ ನಮ್ಮ ಎದುರುಮನೆಯ ಅಂಕಲ್ ಬಳಿ ಸುಮಾರು ಅರವತ್ತು ವರ್ಷ ಹಳೆಯ ಅಮೆರಿಕದ ಕಾರೊಂದಿದೆ. ಅಲ್ಲಿ ಅದನ್ನು ಚಿಕ್ಕ ಕಾರು ಎನ್ನುತ್ತಿದ್ದರಂತೆ. ನಮ್ಮ ಬೀದಿಗೆ ಅದೇ ದೊಡ್ಡದು. ರೆಕ್ಕೆಯಂಥ ಹಿಂಭಾಗವಿಲ್ಲ, ಹೊಳೆಯುವ ಪಟ್ಟಿಗಳಿಲ್ಲ. ಸಂಬಳದವರ ಮನೆಗೆಂದೇ ಮಾಡಿದ, ನಾಲ್ಕು ಬಾಗಿಲಿನ ಸಾದಾ ಗಾಡಿ. ಹಳೇ ಕಾರು ಕೂಡಿಡುವ ಶ್ರೀಮಂತರು ಮೂಗು ಮುರಿದಿದ್ದರಿಂದಲೇ ಅದು, ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತರಾದ ಅಂಕಲ್ ಕೈಗೆ ಹೊಸ ಬೈಕಿನ ಬೆಲೆಗೆ ಸಿಕ್ಕಿತು.

ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಪಕ್ಕ ನೆಲ ಕಾಣುತ್ತದೆ. "ನೋಡಮ್ಮಾ, ಏನೂ ಬಚ್ಚಿಟ್ಟಿಲ್ಲ. ಕೈ ಹಾಕಕ್ಕೆ ಜಾಗ ಬಿಟ್ಟವ್ರೆ," ಎನ್ನುತ್ತಾರೆ. ಬುಷ್ ಎಂಬ ಲೋಹದ ಬಳೆ ಸವೆದರೆ ಲಗ್ಗೆರೆಯ ಗೆಳೆಯರ ಶೆಡ್ಡಿಗೆ ಹೋಗಿ ಲೇತಿನಲ್ಲಿ ತಾವೇ ಕಡೆದು ತರುತ್ತಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದ ನನಗೆ ಯಂತ್ರಗಳ ಗಂಧಗಾಳಿಯಿಲ್ಲ. ಆದರೂ ಅಲ್ಲಿ ಯಾವುದು ಯಾಕಿದೆ ಎಂದು ಅರ್ಧ ಗಂಟೆಯಲ್ಲಿ ತಿಳಿಯಿತು. ನನ್ನ ಫೋನಿನ ಬಗ್ಗೆ ಅಷ್ಟು ತಿಳಿದಿಲ್ಲ.

ತೊಡಕು ಒಂದೇ. ಸ್ಟೇರಿಂಗ್ ಎಡಗಡೆ. ಮುಂದೆ ಲಾರಿಯೋ ಬಸ್ಸೋ ಇದ್ದರೆ, ಕಾರಿನ ಮುಕ್ಕಾಲು ಭಾಗ ಆಚೆ ಬರುವವರೆಗೂ ಅಂಕಲ್‌ಗೆ ಎದುರಿನ ರಸ್ತೆ ಕಾಣದು. ಬಲಗಡೆ ಕೂತವರು ಬಗ್ಗಿ ನೋಡಿ ಹೇಳಬೇಕು. ಇಷ್ಟು ವರ್ಷ ಆ ಕೆಲಸ ಆಂಟಿಯದು. ಅವರ ಷರತ್ತೂ ಒಂದಿತ್ತು: ಅಂಕಲ್ ತಪ್ಪಿನಿಂದ ಯಾರಾದರೂ ಸ್ವಲ್ಪದರಲ್ಲಿ ಉಳಿದುಕೊಂಡರೂ ಸಾಕು, ಗಾಡಿ ಗುಜರಿಗೆ. ಆಂಟಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಆ ಸೀಟಿಗೆ ನಾನು ಬಂದೆ.

ಹೆಮ್ಮೆಯಿಂದಲೇ ಬಂದೆ. ಉದ್ದ ಬೆಂಚಿನಂಥ ಸೀಟು, ಕಾಲು ಚಾಚಿದಷ್ಟೂ ಜಾಗ. ವಿಜಯನಗರದ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಸ್ಕೂಟರಿನ ಹುಡುಗರು ನನ್ನ ಮುಂದೆ ಬರೀ ಡ್ಯಾಶ್‌ಬೋರ್ಡ್ ನೋಡಿ ಬಾಯಿ ಬಿಟ್ಟರು. "ಮಗಾ, ಅಕ್ಕ ಸ್ಟೇರಿಂಗೇ ಇಲ್ದೆ ಓಡಿಸ್ತಾವ್ರೆ!"

"ಅಭ್ಯಾಸ ಕಣ್ರೋ," ಎಂದೆ. ಅಂಕಲ್ ಗಹಗಹಿಸಿ ನಕ್ಕರು.

ಆ ಭಾನುವಾರ ಬೆಳಿಗ್ಗೆ ಶ್ರೀಗಂಧದ ಕಾವಲ್‌ನ ಒಳರಸ್ತೆಯಲ್ಲಿ ನೀರಿನ ಟ್ಯಾಂಕರೊಂದರ ಹಿಂದೆ ಸಿಕ್ಕಿಕೊಂಡೆವು. ಡಿವೈಡರ್ ಇಲ್ಲದ ರಸ್ತೆ. ಟ್ಯಾಂಕರಿನಿಂದ ನೀರು ಸೋರಿ ನಮ್ಮ ಗಾಜಿನ ಮೇಲೆ ಚಿಮ್ಮುತ್ತಿತ್ತು. ಹಿಂದಿನವರ ಹಾರ್ನ್ ಬೇರೆ. ನಾನು ಬಗ್ಗಿ ನೋಡಿದೆ. ರಸ್ತೆ ಖಾಲಿಯಿತ್ತು, ನಾನು ನೋಡಿದಷ್ಟು. ಮುಂದೆ ಒಂದು ತಿರುವಿತ್ತು, ಅದರಾಚೆ ಕಾಣುತ್ತಿರಲಿಲ್ಲ. ಕಾಣದ್ದನ್ನೂ ಖಾಲಿ ಎಂದು ಲೆಕ್ಕ ಹಾಕಿದೆ. "ಬನ್ನಿ ಅಂಕಲ್, ಖಾಲಿ ಇದೆ."

ಕಾರು ಪೂರ್ತಿ ಆಚೆ ಬಂದಿತ್ತು. ತಿರುವಿನಿಂದ ಒಂದು ಬೈಕ್ ಬಂತು. ಓಡಿಸುತ್ತಿದ್ದ ಗಂಡಸು, ಹಿಂದೆ ಹಳದಿ ದುಪಟ್ಟಾದ ಹೆಂಗಸು. ಅವಳು ಕಣ್ಣು ಮುಚ್ಚಿಕೊಂಡದ್ದು ನನಗೆ ಕಂಡಿತು, ಅಷ್ಟು ಹತ್ತಿರ. ನನ್ನ ಕಾಲು ಇಲ್ಲದ ಬ್ರೇಕನ್ನು ತುಳಿಯಿತು. ಅಂಕಲ್ ಬ್ರೇಕ್ ಒತ್ತಿ, ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಒಂದೇ ಏಟಿಗೆ ಕೆಳಗಿನ ಗೇರಿಗೆ ಎಳೆದರು. ಗಾಡಿ ಗುಡುಗಿ, ಮೂಗು ತಗ್ಗಿಸಿ, ಜಾರದೆ ಟ್ಯಾಂಕರಿನ ಹಿಂದಕ್ಕೆ ಸರಿಯಿತು.

ಬೈಕಿನವರು ಮೋರಿಯ ಅಂಚಿನಲ್ಲಿ ಕಾಲೂರಿ ನಿಂತರು. ಯಾರಿಗೂ ಏನೂ ಆಗಲಿಲ್ಲ. ಅವರು ಬಲಗಡೆ ಕೂತ ನನ್ನನ್ನೇ ಡ್ರೈವರ್ ಎಂದುಕೊಂಡು ಕೂಗಿದರು. "ಏನ್ ಮೇಡಂ, ಕಣ್ಣು ಮನೇಲಿಟ್ಟು ಬಂದಿದೀರಾ?"

ಆ ಬೈಗುಳ ಸರಿಯಾದ ವಿಳಾಸಕ್ಕೇ ಬಂದಿತ್ತು. ಕೈ ಮುಗಿದೆ.

ಮನೆಗೆ ಬಂದಾಗ ಆಂಟಿ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಅಂಕಲ್ ಹೇಳಿಬಿಟ್ಟರು: "ಇವತ್ತು ನಾನೊಂದು ತಪ್ಪು ಮಾಡ್ದೆ ಕಣೇ. ಬೈಕಿನವ್ರು ಸ್ವಲ್ಪದ್ರಲ್ಲಿ ಉಳ್ಕೊಂಡ್ರು."

ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಕಾರು ಗುಜರಿಗೆ ಹೋಗುತ್ತಿತ್ತು. "ಅಂಕಲ್‌ದಲ್ಲ ಆಂಟಿ. ಬನ್ನಿ ಅಂದಿದ್ದು ನಾನು. ತಿರುವಿನಾಚೆ ಕಾಣ್ತಿರ್ಲಿಲ್ಲ, ಆದ್ರೂ ಅಂದೆ."

ಆಂಟಿ ನನ್ನ ಕಡೆ ಮುಖ ಮಾಡಿದರು. "ಹಾರ್ನ್ ಹೊಡೀತಿದ್ರಾ ಹಿಂದೆ?"

"ಹೂಂ."

"ಅದ್ಕೇ. ಹಿಂದಿನವ್ರಿಗೋಸ್ಕರ ಮುಂದೆ ನೋಡಿದೀಯ." ಗಂಡನ ಕಡೆ ತಿರುಗಿದರು. "ಗಾಡಿ ಇರ್ಲಿ. ನನ್ನ ಕಣ್ಣು ವಾಸಿಯಾಗೋವರ್ಗೂ ಯಾರನ್ನೂ ಹಿಂದಾಕಂಗಿಲ್ಲ. ಸೈಕಲ್ಲಾದ್ರೂ ಸರಿ, ಹಿಂದೇನೇ ಹೋಗಿ."

ಅಂದಿನಿಂದ ಹಾಗೇ ಹೋಗುತ್ತಿದ್ದೇವೆ. ಮೊನ್ನೆ ಕೆಂಗೇರಿವರೆಗೂ ಹುಲ್ಲು ತುಂಬಿದ ಲಗೇಜ್ ಆಟೋ ಒಂದರ ಬೆನ್ನ ಹಿಂದೆಯೇ ಹೋದೆವು. ಹಿಂದಿನವರು ಬೈದರು, ಪಕ್ಕದವರು ಫೋಟೋ ತೆಗೆದರು. ನಡೆಯುವವರ ವೇಗಕ್ಕಿಳಿದರೂ ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ, ಬಿಸಿಯೇರಲಿಲ್ಲ. ಅವಸರವೇ ಗೊತ್ತಿಲ್ಲದ ಆ ಎಂಜಿನ್ನಿನ ಸದ್ದು ಕೇಳುತ್ತಾ ಕೂತೆ. ಎದುರು ಖಾಲಿ ಇದೆಯಾ ಎಂದು ಅಂಕಲ್ ನನ್ನನ್ನು ಕೇಳಲಿಲ್ಲ. ನಾನು ಮಾತ್ರ ಪ್ರತಿ ತಿರುವಿನಲ್ಲೂ ಬಗ್ಗಿ ನೋಡುತ್ತಿದ್ದೆ.